ಎತ್ತುವವರಿಗೆ ಬೆಲ್ಲ

ನಮ್ಮ ಮಾವನಷ್ಟು ದೊಡ್ಡ ಯಜಮಾನರು ಆ ಕಾಲದಲ್ಲಿ ಇಡೀ ಪುತ್ತೂರು ತಾಲೂಕಿನಲ್ಲಿ ಇರಲಿಲ್ಲ. ಆಗ ಸುಳ್ಯ, ಕಡಬ ಎಲ್ಲ ಪುತ್ತೂರಿಗೇ ಸೇರಿದ್ದವು, ಹಾಗಾಗಿ ಇದು ಸಣ್ಣ ಮಾತಲ್ಲ. ಅವರ ಆಸ್ತಿಯ ವಿವರ ಕೇಳಿ. ಹಲಸಿನ ಮರದಲ್ಲಿ ಮಾಡಿದ ಎತ್ತರದ ಒಂದು ಮಂಚ, ಮುಚ್ಚಳ ಸಡಿಲವಾದ ಒಂದು ತಗಡಿನ ಡಬ್ಬ, ಒಂದು ಹಿತ್ತಾಳೆಯ ಚೆಂಬು, ಎರಡು ಕಾಲು. ಕಾಲು ಎರಡೂ ಹೆಸರಿಗೆ ಮಾತ್ರ. ಸೊಂಟದಿಂದ ಕೆಳಗೆ ಅವರಿಗೆ ಏನೂ ತಿಳಿಯುತ್ತಿರಲಿಲ್ಲ. ಸೊಂಟದಿಂದ ಮೇಲೆ ಅವರಿಗೆ ತಿಳಿಯದ ವಿಷಯವೇ ಇರಲಿಲ್ಲ.

ಮಾವ ಎಂದರೆ ಸ್ವಂತ ಮಾವ ಅಲ್ಲ. ನಾನು ಬೆಟ್ಟಂಪಾಡಿಯ ತುಳು ಮನೆಯವ, ಅವರು ಸುಳ್ಯದ ಒಳಗಿನ, ಅರೆಭಾಷೆ ಆಡುವ ಮನೆಯವರು. ನಮ್ಮೊಳಗೆ ಸಂಬಂಧ ಬರುವ ದಾರಿ ಎಲ್ಲಿ? ಆದರೆ ನಾನು ಊರಿನ ಹೆಸರು ಹೇಳಿದ ತಕ್ಷಣ, "ಬೆಟ್ಟಂಪಾಡಿಯಾ? ಹಾಗಾದರೆ ನಾನು ನಿನಗೆ ಮಾವ ಆಗಬೇಕು" ಎಂದು ತೀರ್ಪು ಕೊಟ್ಟರು. ಹೇಗೆ ಎಂದು ಕೇಳಿದೆ. "ನಿನಗೆ ಪುರುಸೊತ್ತು ಇದ್ದಾಗ ಹೇಳುತ್ತೇನೆ" ಅಂದರು. ನನಗೆ ಪುರುಸೊತ್ತು ಆಗಲೇ ಇಲ್ಲ. ಅವರು ಮಾವನಾಗಿಯೇ ಉಳಿದರು.

ನಾನು ಕೆಲಸಕ್ಕೆ ಸೇರಿದ್ದ ಜಾಗದ ವಿಷಯ ಹೇಳಬೇಕು. ಕೋಡಿಂಬಾಳದಿಂದ ಸ್ವಲ್ಪ ಈಚೆ, ಯಾರೋ ಪುಣ್ಯಾತ್ಮರು ಬಿಟ್ಟುಕೊಟ್ಟ ಹಳೆಯ ಗೋದಾಮಿನಲ್ಲಿ ಅದು ನಡೆಯುತ್ತಿತ್ತು. ಕೆಲವರು ಆಶ್ರಮ ಅನ್ನುತ್ತಿದ್ದರು, ಕೆಲವರು ಆಸ್ಪತ್ರೆ ಅನ್ನುತ್ತಿದ್ದರು. ಕಣ್ಣು ಕಾಣದವರು, ಕೈಕಾಲು ಸ್ವಾಧೀನ ಇಲ್ಲದವರು, ಮೈ ಬೆಳೆದು ಬುದ್ಧಿ ಮಕ್ಕಳದ್ದಾಗಿಯೇ ಉಳಿದವರು, ಎಲ್ಲರೂ ಅಲ್ಲಿದ್ದರು. ನಡೆಸುತ್ತಿದ್ದವರು ಒಬ್ಬರು ಹೆಂಗಸು. ಎಲ್ಲರಿಗೂ ಅವರು ದೊಡ್ಡಕ್ಕ. ಅವರು ಕುಳಿತದ್ದನ್ನು ಕಂಡವರಿಲ್ಲ. ಊಟಕ್ಕೂ ಕೂರುತ್ತಿರಲಿಲ್ಲ. ಒಂದು ಕೈಯಲ್ಲಿ ತಮ್ಮ ಗಂಜಿಯ ಬಟ್ಟಲು ಹಿಡಿದು, ಇನ್ನೊಂದು ಕೈಯಲ್ಲಿ ಯಾರಿಗಾದರೂ ಉಣ್ಣಿಸುತ್ತ ನಿಂತಿರುತ್ತಿದ್ದರು.

ಆ ಮನೆಯಲ್ಲಿ ಗಟ್ಟಿ ಗಂಡಸು ಎಂದರೆ ನಾನೊಬ್ಬನೇ. ನೀರು ಸೇದುವವ ನಾನು, ಸೌದೆ ಒಡೆಯುವವ ನಾನು, ಎತ್ತುವವ, ಮೀಯಿಸುವವ, ಗಡ್ಡ ಹೆರೆಯುವವ, ಎಲ್ಲ ನಾನೇ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವ ನಾನು, ಬಿಟ್ಟದ್ದಕ್ಕೆ ಬೇಸರವೂ ಇಲ್ಲ. ದುಡಿದ ಮೈ ಇದು. ಯಾರ ಮುಂದೆಯೂ ಕೈ ಚಾಚಿದ್ದಿಲ್ಲ, ಯಾರಿಂದಲೂ 'ಕೆಲಸ ಬಾಕಿ ಉಂಟಲ್ಲ' ಅನ್ನಿಸಿಕೊಂಡದ್ದೂ ಇಲ್ಲ. ಇಷ್ಟು ಹೇಳಿದರೆ ನನ್ನ ಗರ್ವ ನಿಮಗೆ ಗೊತ್ತಾಗಿರಬೇಕು. ಆ ಗರ್ವದ ಎದುರು ಮಾವ ಒಂದು ಬೆಲ್ಲದ ಉಂಡೆ ಹಿಡಿದರು.

ಮೊದಲ ಬೆಳಗ್ಗೆ. ಹಂಡೆಯ ನೀರು ಕಾದಿತ್ತು. ಸಾಲಿನಲ್ಲಿ ಒಬ್ಬೊಬ್ಬರನ್ನೇ ಎತ್ತಿ ಬಚ್ಚಲಿಗೆ ಒಯ್ಯುತ್ತ ಮಾವನ ಮಂಚಕ್ಕೆ ಬಂದೆ. ಬಗ್ಗಿ ಕಂಕುಳಿಗೆ ಕೈ ಹಾಕಿದೆ.

"ನಿಲ್ಲು ಮಾರಾಯ. ನೀನೆಂತ ಮೂಟೆ ಎತ್ತಲಿಕ್ಕೆ ಬಂದದ್ದಾ?"

"ಸ್ನಾನಕ್ಕೆ ಮಾವ."

"ಸ್ನಾನ ಎಲ್ಲಿಗೂ ಓಡಿ ಹೋಗುದಿಲ್ಲ. ಮನೆಗೆ ಬಂದವ ಮೊದಲು ಕೂತ್ಕೊ."

"ಮನೆ ಎಲ್ಲಿ ಉಂಟು ಇಲ್ಲಿ?"

ಅವರು ಮಂಚಕ್ಕೆ ಅಂಗೈಯಿಂದ ಎರಡು ಪೆಟ್ಟು ಕೊಟ್ಟರು. "ಮತ್ತೆ ಇದೆಂತ?"

ನಮ್ಮ ಕಡೆ ಬಿಸಿಲಿನಲ್ಲಿ ನಡೆದು ಮನೆಗೆ ಬಂದವರನ್ನು ಮೊದಲು ಕೂರಿಸಿ ಬೆಲ್ಲ, ನೀರು ಕೊಡುತ್ತಾರೆ. ಬಂದ ಕೆಲಸ ಏನು ಎಂದು ಕೇಳುವುದು ಅದಾದ ಮೇಲೆ. ಬಡವರ ಮನೆಯಲ್ಲೂ ಇದು ತಪ್ಪುವುದಿಲ್ಲ. ಇದು ಒಳ್ಳೆಯ ಪದ್ಧತಿ, ನಾನು ಬೇಡ ಅನ್ನುವುದಿಲ್ಲ. ಆದರೆ ಮಂಚದಿಂದ ಬಚ್ಚಲಿಗೆ ಒಯ್ಯುವವನೂ ನೆಂಟನೇ? ಮಾವನ ಕಾನೂನಿನಲ್ಲಿ ಹೌದು. ಅವರನ್ನು ಎತ್ತಬೇಕಾದರೆ ಮೊದಲು ಮಂಚದ ತುದಿಯಲ್ಲಿ ಕೂರಬೇಕು. ಅವರು ಡಬ್ಬದಿಂದ ಒಂದು ತುಂಡು ಬೆಲ್ಲ ತೆಗೆದು ಕೊಡುತ್ತಾರೆ. ಅದು ಕರಗುವ ತನಕ ಕೂತಿರಬೇಕು, ಚೆಂಬಿನ ನೀರು ಕುಡಿಯಬೇಕು. ಆಮೇಲೆ ಅವರೇ ನನ್ನ ಕುತ್ತಿಗೆಗೆ ಕೈ ಹಾಕಿ, "ಹ್ಞಾ, ಈಗ ಹೊರಡುವ" ಅನ್ನುತ್ತಾರೆ. ಕಾರಿನಲ್ಲಿ ಕೂತವರ ಹಾಗೆ.

ಸ್ನಾನಕ್ಕೆ ಒಮ್ಮೆ, ಬಿಸಿಲು ಕಾಯಿಸಲು ಒಮ್ಮೆ, ಮರಳಿ ಮಂಚಕ್ಕೆ ಒಮ್ಮೆ. ಪ್ರತಿ ಸಲವೂ ಬೆಲ್ಲ. ನನಗೆ ಹಲ್ಲುನೋವು ಅಂದೆ. "ಹಲ್ಲಿಗೆ ಯಾರು ಕೊಟ್ಟದ್ದು? ನಾಲಿಗೆಯಲ್ಲಿ ಇಟ್ಟುಕೊ" ಅಂದರು. ಮನುಷ್ಯನಿಗೆ ಬೇರೆ ಅವಸರಗಳೂ ಇರುತ್ತವಷ್ಟೆ? ಒಂದು ದಿನ ಹಲಸಿನ ಹಣ್ಣು ಹೆಚ್ಚಾಗಿ ಮಾವನ ಹೊಟ್ಟೆ ಕೆಟ್ಟಿತು. "ಬೇಗ ಬಾ, ಬೇಗ ಬಾ" ಎಂದು ಗೋದಾಮು ಹಾರಿ ಹೋಗುವ ಹಾಗೆ ಕರೆದರು. ನಾನು ಓಡಿ ಬಂದು, ಇವತ್ತು ಇವರು ಸಿಕ್ಕಿಬಿದ್ದರು ಎಂದುಕೊಂಡು, ಮಂಚದ ತುದಿಯಲ್ಲಿ ಆರಾಮವಾಗಿ ಕೂತೆ.

"ಎಂತ ಕೂತದ್ದು? ಎತ್ತು!"

"ಬೆಲ್ಲ ಮಾವ?"

ಹಲ್ಲು ಕಚ್ಚಿಕೊಂಡು ಡಬ್ಬಕ್ಕೆ ಕೈ ಹಾಕಿ ಒಂದು ತುಂಡು ನನ್ನ ಬಾಯಿಗೆ ತುರುಕಿದರು. "ನಡೆಯುತ್ತ ತಿನ್ನು ಮಾರಾಯ, ಇವತ್ತು ಒಂದು ದಿನ ನಡೆಯುತ್ತ ತಿನ್ನು." ಅವತ್ತೂ ಬಿಡಲಿಲ್ಲ ನೋಡಿ.

ಈ ಬೆಲ್ಲ ಎಲ್ಲಿಂದ ಬರುತ್ತಿತ್ತು ಎಂದರೆ, ಅದು ಮಾವನ ಸ್ವಂತ ಸಂಪಾದನೆ. ಅವರ ಕೈ ಎರಡೂ ಕಬ್ಬಿಣ. ಮೊದಲು ಕಾಡಿನಲ್ಲಿ ಮರದ ದಿಮ್ಮಿ ಎಳೆದು ಲಾರಿಗೆ ಹಾಕುವ ಕೆಲಸದಲ್ಲಿದ್ದವರು. ಒಂದು ದಿಮ್ಮಿ ಉರುಳಿ ಬೆನ್ನಿನ ಮೇಲೆ ಬಂದಿತ್ತು. ಅದಕ್ಕಿಂತ ಹೆಚ್ಚು ಅವರು ಹೇಳುತ್ತಿರಲಿಲ್ಲ, ಕೇಳಿದರೆ ಬೆಲ್ಲ ಕೊಡುತ್ತಿದ್ದರು. ಈಗ ಮಂಚದಲ್ಲಿ ಒರಗಿ ಕೂತು ತೆಂಗಿನ ಗರಿಯ ಕಡ್ಡಿ ಹೆರೆದು ಕಸ ಗುಡಿಸುವ ಹಿಡಿಸೂಡಿ ಕಟ್ಟುತ್ತಿದ್ದರು. ಅವರು ಕಟ್ಟಿದ ಹಿಡಿಸೂಡಿಯಿಂದ ಒಂದು ಕಡ್ಡಿ ಎಳೆದು ತೆಗೆಯಲು ನನ್ನಿಂದಲೂ ಆಗುತ್ತಿರಲಿಲ್ಲ. ಕೋಡಿಂಬಾಳದ ಅಂಗಡಿಯವರು ಹಿಡಿಸೂಡಿ ಇಟ್ಟುಕೊಂಡು ಬೆಲ್ಲ ಕೊಡುತ್ತಿದ್ದರು. ನಾನೇ ಹೋಗಿ ತರುತ್ತೇನೆ ಅಂದರೆ ಮಾವ ಒಪ್ಪುತ್ತಿರಲಿಲ್ಲ. ನೆಂಟರಿಗೆ ಕೊಡುವ ಬೆಲ್ಲವನ್ನು ನೆಂಟರೇ ಹೋಗಿ ತರುವುದುಂಟೇ?

ಹಾಗಾಗಿ ನನ್ನ ಬೆನ್ನಿನ ಮೇಲೆ ಮಾವ, ಮಾವನ ಹೆಗಲಿಗೆ ಹಿಡಿಸೂಡಿಯ ಕಟ್ಟು, ಕೈಯಲ್ಲಿ ಬಿಡಿಸಿದ ಕೊಡೆ. ಮಾರ್ಗದಲ್ಲಿ ಕಂಡವರನ್ನೆಲ್ಲ ಮಾತಾಡಿಸಬೇಕು. "ಎಂತ ಮಾರಾಯ್ರೆ, ಹಸು ಕರು ಹಾಕಿತಾ? ಗಂಡಾ, ಹೆಣ್ಣಾ?" ಎಂದು ಅವರು ಮೇಲಿನಿಂದ ವಿಚಾರಿಸುವಾಗ ನನ್ನ ಮೊಣಕಾಲು ಕೆಳಗೆ ನಡುಗುತ್ತಿರುತ್ತಿತ್ತು. ಕೊಡೆಯನ್ನು ಎಷ್ಟು ಮುಂದೆ ಹಿಡಿಯುತ್ತಿದ್ದರೆಂದರೆ ನನಗೆ ದಾರಿಯೇ ಕಾಣುತ್ತಿರಲಿಲ್ಲ.

"ಸ್ವಲ್ಪ ಹಿಂದೆ ಹಿಡಿಯಿರಿ ಮಾವ, ನನಗೆ ಎದುರು ಎಂತದೂ ಕಾಣುದಿಲ್ಲ."

"ಮಾರ್ಗ ನಾನು ನೋಡುತ್ತೇನೆ. ನೀನು ನಡೆ. ಎಡಕ್ಕೆ ಕಲ್ಲುಂಟು."

ಅಂಗಡಿಯವರು ನನ್ನನ್ನು ಮೊದಲ ಸಲ ಕಂಡಾಗ, "ಓ, ಹೊಸ ಕುದುರೆಯಾ ಮಾವನದ್ದು?" ಎಂದು ನಕ್ಕರು. ಮಾವ ನಗಲಿಲ್ಲ. "ಕುದುರೆ ಅಲ್ಲ, ಅಳಿಯ. ಮೊದಲು ಅವನಿಗೆ ಬೆಂಚು ಖಾಲಿ ಮಾಡಿ ಕೊಡಿ. ವ್ಯಾಪಾರ ಮತ್ತೆ." ನಾನು ಕೂತು ಬೆವರು ಒರೆಸುವ ತನಕ ಅವರು ಬೆಲ್ಲದ ಕಡೆ ಕಣ್ಣು ಹಾಕಲಿಲ್ಲ. ಮರಳಿ ಬಂದು ಅವರನ್ನು ಮಂಚಕ್ಕೆ ಇಳಿಸಿದಾಗ ನೋಡಿದೆ. ಮಾವನ ಬೋಳು ತಲೆ ಬಿಸಿಲಿಗೆ ಕೆಂಡದ ಹಾಗೆ ಕೆಂಪಾಗಿತ್ತು. ಕೊಡೆಯ ನೆರಳು ಹೋಗುವಾಗ ಬರುವಾಗ ಪೂರ್ತಿ ನನ್ನ ತಲೆಯ ಮೇಲೆಯೇ ಇತ್ತು. ಆದರೂ ನನಗೆ ಸಿಟ್ಟೇ. ದಾರಿ ಕಾಣದೆ ನಡೆದದ್ದು ನಾನಲ್ಲವೇ?

ಮಾವನ ಕಾನೂನು ನನಗೆ ಮಾತ್ರ ಇದ್ದಿದ್ದರೆ ಹೇಗೋ ಸಾಗುತ್ತಿತ್ತು. ಒಮ್ಮೆ ಪುತ್ತೂರಿನ ಒಬ್ಬರು ಧನಿಗಳು ಕಾರಿನಲ್ಲಿ ಕಂಬಳಿ ಹೇರಿಕೊಂಡು ಬಂದರು. ಚಳಿಗಾಲ ಎದುರಿತ್ತು, ನಮ್ಮಲ್ಲಿ ಇದ್ದ ಕಂಬಳಿಗಳಲ್ಲಿ ತೂತೇ ಹೆಚ್ಚು. ಧನಿಗಳು ಒಂದೊಂದು ಮಂಚದ ಹತ್ತಿರ ನಿಂತು "ಅಯ್ಯೋ ಪಾಪ" ಅನ್ನುವುದು, ಒಂದು ಕಂಬಳಿ ಹೊದಿಸುವುದು, ಹೀಗೆ ಮಾವನ ತನಕ ಬಂದರು.

"ಅಯ್ಯೋ ಪಾಪ" ಅಂದರು.

"ಯಾರಿಗೆ?" ಎಂದು ಮಾವ ಆಚೆ ಈಚೆ ನೋಡಿದರು. ನಂತರ ಡಬ್ಬದ ಮುಚ್ಚಳ ತೆಗೆದರು. "ಬನ್ನಿ, ಕೂತ್ಕೊಳ್ಳಿ. ಬಿಸಿಲಿಗೆ ಬಂದಿದ್ದೀರಿ."

ಆಗ ಯಾರ ಕೈಯ ನೀರು ಎಂದು ಕೇಳಿ ಕುಡಿಯುವ ಕಾಲ. ಧನಿಗಳು ಎರಡು ಹೆಜ್ಜೆ ಹಿಂದೆ ಸರಿದರು. "ಬೇಡ ಬೇಡ. ನಾನು ಹೊರಗಿನದ್ದು ಏನೂ ತೆಗೆದುಕೊಳ್ಳುವುದಿಲ್ಲ."

"ಒಳ್ಳೆಯದಾಯಿತು. ನನ್ನ ಕ್ರಮವೂ ಹಾಗೆಯೇ. ಕಂಬಳಿ ಕಾರಿನಲ್ಲೇ ಇರಲಿ."

ದೊಡ್ಡಕ್ಕನ ಮುಖ ಹಂಡೆಯ ತಳದ ಹಾಗಾಯಿತು. ಧನಿಗಳು ಸಿಟ್ಟಾಗಿ ಹೊರಟರೆ ಉಳಿದವರ ಕಂಬಳಿಯೂ ಕಾರು ಹತ್ತುತ್ತದೆ. ನಾನು ಮಾವನಿಗೆ ಕಣ್ಸನ್ನೆ ಮಾಡಿದೆ. ಅವರು ಡಬ್ಬ ಮುಂದೆ ಚಾಚಿಕೊಂಡೇ ಇದ್ದರು. ಧನಿಗಳು ಕೊನೆಗೆ ಕಣ್ಣು ಮುಚ್ಚಿ, ಹರಳೆಣ್ಣೆ ಕುಡಿಯುವವರ ಹಾಗೆ ಒಂದು ತುಂಡು ಬಾಯಿಗೆ ಹಾಕಿಕೊಂಡರು. ಹಾಕಿಕೊಂಡ ಮೇಲೆ ಕೂರಲೇಬೇಕಲ್ಲ. ಕೂತ ಧನಿಗಳ ಹತ್ತಿರ ಮಾವ, "ನಿಮ್ಮ ತಾಯಿ ಯಾವ ಊರಿನವರು?" ಎಂದು ಕೇಳಿದರು. ಅಷ್ಟೇ. ಆಮೇಲೆ ಡ್ರೈವರ್ ಹಾರನ್ ಹೊಡೆದು ಹೊಡೆದು ಸುಸ್ತಾದ, ಧನಿಗಳು ಮಂಚದಿಂದ ಏಳಲಿಲ್ಲ. ಹೊರಡುವಾಗ ಕಂಬಳಿಯನ್ನು ಮಾವನಿಗೆ ಹೊದಿಸಲಿಲ್ಲ, ಕೈಯಲ್ಲಿ ಕೊಟ್ಟರು.

ಆದರೂ ದೊಡ್ಡಕ್ಕ ಆ ದಿನವನ್ನು ಮರೆಯಲಿಲ್ಲ. ಮರೆಯುವ ಹೊತ್ತಿಗೆ ಇರುವೆ ಬಂದವು.

ಒಂದು ಬೆಳಗ್ಗೆ ಮಾವನ ಹೊದಿಕೆ ಎತ್ತಿದೆ. ಡಬ್ಬದಿಂದ ಹೊರಟ ಕೆಂಪಿರುವೆಯ ಸಾಲು ಮಂಚ ಹತ್ತಿ ಅವರ ಮೊಣಕಾಲಿನ ತನಕ ಹೋಗಿತ್ತು. ಕಾಲೆಲ್ಲ ಬೊಕ್ಕೆ. ಅವರಿಗೆ ಗೊತ್ತೇ ಆಗಿರಲಿಲ್ಲ. "ಎಂತ ಹಾಗೆ ನೋಡುದು?" ಎಂದು ನನ್ನನ್ನೇ ಕೇಳಿದರು.

ದೊಡ್ಡಕ್ಕ ಬಂದು ನೋಡಿದರು. "ಡಬ್ಬ ಇವತ್ತೇ ಹೋಗಬೇಕು" ಅಂದರು. "ಇದು ಒಂದು. ಇನ್ನೊಂದು, ನೀವು ಇವನನ್ನು ಕೂರಿಸಿಕೊಂಡರೆ ಆಚೆಯವರು ಹಸಿ ಬಟ್ಟೆಯಲ್ಲಿ ಕಾಯಬೇಕು. ಅದು ಸರಿಯಾ, ನೀವೇ ಹೇಳಿ."

ಅವರು ಹೇಳಿದ್ದರಲ್ಲಿ ತಪ್ಪು ಇರಲಿಲ್ಲ. ನಾನು ಡಬ್ಬ ಒಯ್ದು ಅಡುಗೆಕೋಣೆಯ ಅಟ್ಟದಲ್ಲಿ ಇಟ್ಟೆ. ನಿಜ ಹೇಳುವುದಾದರೆ, ಒಂದು ಕಿರಿಕಿರಿ ಕಳೆಯಿತು ಎಂದು ಮನಸ್ಸು ಹಗುರವಾಯಿತು.

ಮರುದಿನ ಎತ್ತಲು ಹೋದರೆ ಮಾವ ಎರಡೂ ಕೈಯಲ್ಲಿ ಮಂಚದ ಚೌಕಟ್ಟು ಹಿಡಿದಿದ್ದರು. ದಿಮ್ಮಿ ಎಳೆದ ಕೈ, ಬಿಡಿಸುವವರು ಯಾರು?

"ಬರಿಗೈಯಲ್ಲಿ ನಾನು ಎತ್ತಿಸಿಕೊಳ್ಳುದಿಲ್ಲ."

"ಊಟ?"

"ಊಟಕ್ಕೂ ಇದಕ್ಕೂ ಸಂಬಂಧ ಇಲ್ಲ. ಊಟ ತಾ."

ಹೀಗೆ ಮಾವ ಉಣ್ಣುತ್ತ, ಹಿಡಿಸೂಡಿ ಕಟ್ಟುತ್ತ, ಮಂಚದಲ್ಲೇ ಉಳಿದರು. ಮೊದಲು ನಗು ಬಂತು. ಆಮೇಲೆ ದೊಡ್ಡಕ್ಕನಿಗೆ ಭಯ ಹಿಡಿಯಿತು. ಮೈಗೆ ಸ್ಪರ್ಶ ಇಲ್ಲದವರು ಎದ್ದು ಗಾಳಿ ಬಿಸಿಲು ಕಾಣದೆ ಬಿದ್ದುಕೊಂಡರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ಆ ಹುಣ್ಣಿನಿಂದ ಎದ್ದವರನ್ನು ನಾವು ಹೆಚ್ಚು ನೋಡಿರಲಿಲ್ಲ. ಒರೆಸುವಾಗ ಮಾವನ ಸೊಂಟದ ಮೂಳೆಯ ಮೇಲೆ ಚರ್ಮ ಕೆಂಪೇರಿದ್ದು ನನಗೂ ಕಂಡಿತು.

"ಒತ್ತಾಯದಿಂದಲಾದರೂ ಎತ್ತು. ಪಾಪ ನನಗಿರಲಿ" ಅಂದರು ದೊಡ್ಡಕ್ಕ.

ಎತ್ತಿದೆ. ಮಾವ ಜಗಳ ಆಡಲಿಲ್ಲ, ಚೌಕಟ್ಟಿನಿಂದ ಕೈ ಬಿಟ್ಟರು. ನನ್ನ ಕುತ್ತಿಗೆಗೆ ಹಾಕುತ್ತಿದ್ದ ಆ ಕೈಗಳನ್ನು ಅವತ್ತು ಎರಡೂ ಬದಿಗೆ ಇಳಿಬಿಟ್ಟರು. ಅಷ್ಟು ಕಾಲ ಅವರನ್ನು ಹೊತ್ತವ ನಾನು ಎಂದುಕೊಂಡಿದ್ದೆ. ಅರ್ಧ ಭಾರವನ್ನು ಆ ಕೈಗಳಿಂದ ಅವರೇ ಹೊರುತ್ತಿದ್ದರು ಎಂದು ಅವತ್ತು ಗೊತ್ತಾಯಿತು. ಬಚ್ಚಲಿನ ತನಕ ಒಂದು ಮಾತಿಲ್ಲ. ಹಸು ಕರುವಿನ ವಿಚಾರಣೆಯಿಲ್ಲ, ಎಡಕ್ಕೆ ಕಲ್ಲುಂಟು ಎಂದಿಲ್ಲ. ನಾನು ಒಂದು ಮೂಟೆ ಹೊತ್ತು ನಡೆದೆ.

ದಿನಗಳು ಹಾಗೆ ಹೋದವು. ಕೂರುವ ಕೆಲಸ ಇಲ್ಲದ ಮೇಲೆ ನನ್ನ ಬೆಳಗಿನ ಕೆಲಸ ಬೇಗ ಮುಗಿಯುತ್ತಿತ್ತು. ಬೇಗ ಮುಗಿದದ್ದರಿಂದ ಬೇರೆ ಕೆಲಸ ಬರುತ್ತಿತ್ತು. ಬಾವಿಯ ಕಟ್ಟೆ ತಿಕ್ಕು, ಮಾಡಿನ ಹಂಚು ಸರಿಮಾಡು. ಒಬ್ಬರನ್ನು ಇಳಿಸಿ ಅದೇ ಬಗ್ಗಿದ ಬೆನ್ನಿನಲ್ಲಿ ಇನ್ನೊಬ್ಬರನ್ನು ಎತ್ತುತ್ತಿದ್ದೆ. ರಾತ್ರಿ ಮಲಗಿದರೆ ಚಾಪೆಯೇ ನನ್ನನ್ನು ಕಚ್ಚುತ್ತಿತ್ತು. ಹೇಳುವುದು ಯಾರಿಗೆ? ಕೆಲಸ ಬಾಕಿ ಇಟ್ಟವನಲ್ಲವಲ್ಲ ನಾನು.

ಒಂದು ಬೆಳಗ್ಗೆ ಮಾವನನ್ನು ಎತ್ತಿಕೊಂಡು ಮಂಚಕ್ಕೂ ಬಚ್ಚಲಿಗೂ ನಡುವೆ ಇದ್ದೆ. ಸೊಂಟದಲ್ಲಿ ತೆಂಗಿನ ಒಣ ಮಡಲು ಮುರಿದ ಹಾಗೆ ಏನೋ ಆಯಿತು. ಮಾವನನ್ನು ಬೀಳಿಸಲಿಲ್ಲ, ಅದೊಂದು ಸಮಾಧಾನ. ಮೆಲ್ಲಗೆ ನೆಲಕ್ಕೆ ಇಳಿಸಿದೆ. ಇಳಿಸಿದವನಿಗೆ ಏಳಲು ಆಗಲಿಲ್ಲ. ಅಷ್ಟು ದಿನ ಬಾಯಿ ಮುಚ್ಚಿದ್ದ ಮಾವ ನೆಲದಲ್ಲಿ ಬಿದ್ದುಕೊಂಡೇ ನನ್ನ ತಲೆಯನ್ನು ತಮ್ಮ ತೋಳಿನ ಮೇಲೆ ಎಳೆದುಕೊಂಡು, "ದೊಡ್ಡಕ್ಕಾ, ಬನ್ನಿ, ಇವ ಬಿದ್ದ" ಎಂದು ಕೂಗಿದರು.

ಹೀಗೆ ನಾನು ಮಾವನ ಪಕ್ಕದ ಮಂಚಕ್ಕೆ ಬಂದೆ. ಹೊರಳಲು ಇನ್ನೊಬ್ಬರು ಬೇಕು, ಉಣ್ಣಲು ಇನ್ನೊಬ್ಬರು ಬೇಕು, ಉಳಿದದ್ದಕ್ಕೂ ಬೇಕು. ಬೇಕು ಎಂದು ಬಾಯಿ ಬಿಟ್ಟು ಕೇಳುವುದಕ್ಕಿಂತ ಗೋಡೆ ನೋಡುತ್ತ ಮಲಗುವುದು ಸುಲಭ. ನಾನು ಗೋಡೆ ನೋಡಿದೆ. ದೊಡ್ಡಕ್ಕ ಎತ್ತಲು ಬಂದರೆ, "ಬೇಡ, ನಾನೇ ಏಳುತ್ತೇನೆ" ಅಂದೆ. ಏಳಲಿಲ್ಲ. ನೀರು ಕುಡಿದರೆ ಮತ್ತೆ ಎತ್ತಿಸಿಕೊಳ್ಳಬೇಕಾಗುತ್ತದಲ್ಲ ಎಂದು ನೀರನ್ನೇ ಬಿಟ್ಟೆ.

"ಹೇಗುಂಟು?" ಎಂದು ಪಕ್ಕದಿಂದ ಕೇಳಿತು.

"ಎಂತ ಹೇಗೆ?"

"ಮೂಟೆ ಆಗಿ ಹೇಗುಂಟು ಅಂತ ಕೇಳಿದ್ದು."

ಮಾವ ಕಡ್ಡಿ ಹೆರೆಯುತ್ತಿದ್ದರು, ಕತ್ತಿಯ ಸರಸರ ಸದ್ದು ಮಾತ್ರ ಕೇಳುತ್ತಿತ್ತು.

"ಕಾಡಿನಲ್ಲಿ ನಮ್ಮ ಮೇಸ್ತ್ರಿ ಕೂರಿಸಿ ಬೆಲ್ಲ ನೀರು ಕೊಡದೆ ಒಂದು ದಿಮ್ಮಿಗೂ ಕೈ ಹಾಕಲಿಕ್ಕೆ ಬಿಡುತ್ತಿರಲಿಲ್ಲ" ಅಂದರು. "ಕೂತು ಎದ್ದವನ ಸೊಂಟ ಬೇರೆ, ಮಾರಾಯ. ನಾನು ಬಿದ್ದ ದಿವಸ ಅವಸರ ಇತ್ತು. ಲಾರಿ ಕಾಯ್ತಾ ಇತ್ತು. ಅವತ್ತು ಯಾರೂ ಕೂರಲಿಲ್ಲ."

ಇನ್ನೊಂದು ಕಡ್ಡಿ ಹೆರೆದು ಮುಗಿಸಿ ಮತ್ತೆ ಹೇಳಿದರು. "ನಿನ್ನ ಹತ್ತಿರ ಕೂತ್ಕೊ ಅಂದರೆ ನೀನು ಕೂರುವವನಾ? ಮನೆಗೆ ಬಂದವ ಅಂದರೆ ಮರ್ಯಾದೆಗಾದರೂ ಕೂರುತ್ತೀಯ."

ನಾನು ಗೋಡೆಯನ್ನೇ ನೋಡುತ್ತಿದ್ದೆ. ಗೋಡೆ ಸರಿಯಾಗಿ ಕಾಣುತ್ತಿರಲಿಲ್ಲ.

ದೊಡ್ಡಕ್ಕ ಬಂದ ಸದ್ದಾಯಿತು. ಮಾವ ಕತ್ತಿ ಬದಿಗಿಟ್ಟರು. "ದೊಡ್ಡಕ್ಕ, ಆ ಡಬ್ಬ ಒಮ್ಮೆ ತಂದು ಕೊಡಿ."

"ಪುನಃ ಶುರುವಾ ನಿಮ್ಮದು?"

"ನನಗಲ್ಲ. ಇವನಿಗೆ. ಇವನು ಈಗ ಮಂಚದ ಯಜಮಾನ ಅಲ್ಲವಾ? ಎತ್ತಲಿಕ್ಕೆ ಬಂದವರಿಗೆ ಕೊಡಲಿಕ್ಕೆ ಇವನ ಕೈಯಲ್ಲಿ ಎಂತ ಉಂಟು? ಅದಕ್ಕೇ ಇವ ನೀರು ಕುಡಿಯುದಿಲ್ಲ."

ದೊಡ್ಡಕ್ಕ ಒಳಗೆ ಹೋದರು. ಅಡುಗೆಕೋಣೆಯಲ್ಲಿ ಪಾತ್ರೆಯ ಸದ್ದಾಯಿತು. ಬರುವಾಗ ಅವರ ಕೈಯಲ್ಲಿ ಒಂದು ಅಗಲದ ಬಟ್ಟಲು, ಬಟ್ಟಲಿನಲ್ಲಿ ನೀರು, ನೀರಿನ ನಡುವೆ ಡಬ್ಬ. ಇನ್ನು ಇರುವೆಗೆ ದಾರಿ ಇರಲಿಲ್ಲ. ಎರಡು ಮಂಚಗಳ ನಡುವಿನ ಸ್ಟೂಲಿನ ಮೇಲೆ ಅದನ್ನು ಇಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನನ್ನು ಎತ್ತಲು ಬಗ್ಗಿದರು. ಅವರ ಉಸಿರು ಆಗಲೇ ಏರಿತ್ತು.

ಮಾವ ನನ್ನನ್ನು ನೋಡಿದರು.

ಯಾರ ಮುಂದೆಯೂ ಚಾಚದ ಕೈ ನನ್ನದು. ಆ ಕೈ ಚಾಚಿ ಡಬ್ಬದಿಂದ ಒಂದು ತುಂಡು ತೆಗೆದೆ.

"ದೊಡ್ಡಕ್ಕ, ಮೊದಲು ಕೂತ್ಕೊಳ್ಳಿ" ಅಂದೆ.

ಅವರು ಒಲೆಯ ಕಡೆ ನೋಡಿದರು. ಸಾಲಿನಲ್ಲಿ ಕಾಯುತ್ತಿದ್ದವರ ಕಡೆ ನೋಡಿದರು. ನನ್ನ ಕೈಯಲ್ಲಿದ್ದ ಬೆಲ್ಲವನ್ನು ನೋಡಿದರು. ಮಾವ ತಮ್ಮ ಸತ್ತ ಕಾಲುಗಳನ್ನು ಕೈಯಿಂದ ಎತ್ತಿ ಆಚೆ ಇಟ್ಟು ತಮ್ಮ ಮಂಚದಲ್ಲಿ ಜಾಗ ಮಾಡಿದರು.

ದೊಡ್ಡಕ್ಕ ಕೂತರು. ಬೆಲ್ಲ ಬಾಯಿಗೆ ಹಾಕಿಕೊಂಡರು. ಸಾಲಿನಲ್ಲಿದ್ದವರೆಲ್ಲ, ಕಣ್ಣು ಕಾಣದವರೂ, ಈ ಕಡೆಗೇ ಮುಖ ತಿರುಗಿಸಿದ್ದರು.

"ನೀರು ಕೊಡು ಅವರಿಗೆ" ಎಂದು ಮಾವ ಪಿಸುಗುಟ್ಟಿದರು. ಚೆಂಬು ಎತ್ತಿ ಕೊಟ್ಟೆ.

ಎತ್ತರದ ಮಂಚ ಅದು. ದೊಡ್ಡಕ್ಕನ ಪಾದ ನೆಲಕ್ಕೆ ಎಟುಕುತ್ತಿರಲಿಲ್ಲ. ಹಿಮ್ಮಡಿಯೆಲ್ಲ ಒಡೆದ ಆ ಕಾಲುಗಳು ಸ್ವಲ್ಪ ಹೊತ್ತು ಸುಮ್ಮನೆ ನೇತಾಡುತ್ತಿದ್ದವು. ಆಮೇಲೆ, ಬಾಯಲ್ಲಿ ಬೆಲ್ಲ ಕರಗುತ್ತ ಬಂದ ಹಾಗೆ, ಸಣ್ಣ ಮಕ್ಕಳ ಕಾಲಿನ ಹಾಗೆ ಮೆಲ್ಲಗೆ ಆಡತೊಡಗಿದವು.